ಗಿಟಾರಿನ ಮೂರನೇ ಪಿಕಪ್

ಸುರಪುರದಿಂದ ಫೋನು ಬಂದಾಗ ನಾನು ಯಾದಗಿರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಜೋಳ ಹರವುತ್ತಿದ್ದೆ. ಅಂಚೆ ಕಚೇರಿಯ ನೌಕರಿಯಿಂದ ನಿವೃತ್ತನಾಗಿ ವರ್ಷವಾಗಿತ್ತು. ಇಂಥ ಕೆಲಸಗಳೆಲ್ಲ ಮೆಲ್ಲಗೆ ನನ್ನ ಪಾಲಿಗೆ ಬಂದಿದ್ದವು. ಫೋನು ಮಾಡಿದವರು ನಮ್ಮ ಹಳೆಯ ಆರ್ಕೆಸ್ಟ್ರಾದ ಗಾಯಕಿ.

"ಅಣ್ಣಾ, ಇನ್ನ ಎರಡು ತಿಂಗಳಿಗಿ ನಂದೂ ರಿಟೈರ್‌ಮೆಂಟ್ ಅದರಿ. ಸಾಲ್ಯಾಗ ಸಮಾರಂಭ ಇಟ್ಕೊಂಡಾರ. ಹಾರ ಹಾಕಿಸ್ಕೊಂಡು ಸುಮ್ನ ಕುಂದ್ರೂದು ನನ್ನಿಂದ ಆಗಂಗಿಲ್ಲ. ಎರಡು ಹಾಡು ಹಾಡ್ತೀನಿ. ನೀವು ಗಿಟಾರ್ ತಗೊಂಡು ಬರ್ರಿ."

"ನನ್ನ ಬೆರಳು ತುಕ್ಕು ಹಿಡಿದಾವ್ರಿ ಅಕ್ಕಾ."

"ನನ್ನ ಗಂಟಲಕ್ಕೂ ಹಿಡಿದದ. ಅದಕ್ಕೇ ಎರಡು ತಿಂಗಳು ಮೊದಲ ಹೇಳಾಕತ್ತೀನಿ."

ಅವರು ನನಗಿಂತ ಒಂದು ವರ್ಷ ಚಿಕ್ಕವರು. ಆದರೂ ನಾನು ಅಕ್ಕಾ ಅನ್ನುತ್ತೇನೆ, ಅವರು ಅಣ್ಣಾ ಅನ್ನುತ್ತಾರೆ. ಮೂವತ್ತೈದು ವರ್ಷಗಳ ಹಿಂದೆ ಅವರು ಹೊಸದಾಗಿ ಶಿಕ್ಷಕಿಯಾಗಿ ಸೇರಿದ್ದಾಗ, ಅವರ ತಂದೆ ಅವರನ್ನು ನಮ್ಮ ಆರ್ಕೆಸ್ಟ್ರಾಕ್ಕೆ ಕರೆತಂದು, "ಇವರೆಲ್ಲಾ ನಿನ್ನ ಅಣ್ಣಗೋಳು" ಎಂದು ಅವರಿಗೂ, "ಇಕಿ ನಿಮ್ಮ ಅಕ್ಕ" ಎಂದು ನಮಗೂ ಹೇಳಿ ಲೆಕ್ಕ ಚುಕ್ತಾ ಮಾಡಿಬಿಟ್ಟಿದ್ದರು. ಆ ಹಿರಿಯರು ಪ್ರತಿ ಕಾರ್ಯಕ್ರಮಕ್ಕೂ ಬರುತ್ತಿದ್ದರು. ಬಿಳಿ ಧೋತರ, ಕರಿ ಟೋಪಿ, ಕೈಯಲ್ಲಿ ಚಹಾದ ಥರ್ಮಾಸು. ಆಂಪ್ಲಿಫೈಯರಿನ ಪಕ್ಕ ಕಬ್ಬಿಣದ ಕುರ್ಚಿ ಹಾಕಿಸಿಕೊಂಡು ಮಗಳು ಹಾಡು ಮುಗಿಸುವವರೆಗೆ ಅಲುಗದೆ ಕೂರುತ್ತಿದ್ದರು. ಹಾಡು ಮುಗಿದ ಮೇಲೆ ನಮಗೆಲ್ಲರಿಗೂ ಒಂದೊಂದು ಮುಚ್ಚಳ ಚಹಾ. ಮದುವೆಗಳು, ಗಣಪತಿ ಪೆಂಡಾಲುಗಳು, ಕಾಲೇಜಿನ ಗ್ಯಾದರಿಂಗುಗಳು ಅಂತ ಹನ್ನೊಂದು ವರ್ಷ ನಾವು ಆರು ಜನ ಯಾದಗಿರಿ, ಶಹಾಪುರ, ಸುರಪುರದ ನಡುವಿನ ರಸ್ತೆಯಲ್ಲೇ ಓಡಾಡಿದೆವು. ಈಗ ಈ ಕಡೆ ಉಳಿದವರು ಮೂವರೇ. ಹಾಡುವ ಅಕ್ಕ, ಗಿಟಾರಿನ ನಾನು, ಮತ್ತು ಆಗ ಮೈಕು, ವೈರು ನೋಡಿಕೊಳ್ಳುತ್ತಿದ್ದ ಗೆಳೆಯ. ಅವನದು ಈಗ ಶಹಾಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ.

ಗಿಟಾರು ನಾನು ಹೈದರಾಬಾದಿನಿಂದ ತಂದದ್ದು. ಹೋಟೆಲೊಂದರಲ್ಲಿ ನುಡಿಸುತ್ತಿದ್ದ ಹಿರಿಯರೊಬ್ಬರು ಕೈಗೆ ನಡುಕ ಬಂದದ್ದರಿಂದ ಮಾರಿದ್ದರು. ಅದನ್ನು ಕೊಡುವಾಗ ಅವರು, "ತಾರ್ ಬದಲೋ ಮಿಯಾ, ಪಿಕಪ್ ನಕ್ಕೋ ಬದಲೋ" ಎಂದರು. ತಂತಿ ಬದಲಿಸು, ಪಿಕಪ್ಪಿಗೆ ಮಾತ್ರ ಕೈ ಹಚ್ಚಬೇಡ ಅಂತ. ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಯಾದಗಿರಿವರೆಗೆ ಬಂದಿದ್ದೆ. ಎದುರು ಕೂತಿದ್ದ ಒಬ್ಬ ತಾಯಿ, "ಕೂಸಿಗೆ ಆರಾಮಿಲ್ಲೇನಪಾ?" ಎಂದು ಕೇಳಿದ್ದಳು. ಬಟ್ಟೆ ಸುತ್ತಿದ್ದರಿಂದ ಆಕೆಗೆ ಹಾಗೆ ಕಂಡಿತ್ತು.

ಎಲೆಕ್ಟ್ರಿಕ್ ಗಿಟಾರಿನ ಜೀವ ಇರುವುದೇ ಪಿಕಪ್ಪಿನಲ್ಲಿ. ತಂತಿಗಳ ಕೆಳಗೆ, ಮರದ ಮೈಮೇಲೆ, ಬೆರಳುದ್ದದ ಮೂರು ಬಿಳಿ ಪಟ್ಟಿಗಳು. ಒಂದೊಂದರ ಒಳಗೂ ಆರು ಸಣ್ಣ ಆಯಸ್ಕಾಂತದ ಮೊಳೆಗಳು. ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಮೇಲೆ ಉಕ್ಕಿನ ತಂತಿ ನಡುಗಿದರೆ ಕೆಳಗಿನ ಸುರುಳಿಯಲ್ಲಿ ವಿದ್ಯುತ್ತು ಮಿಸುಕುತ್ತದೆ, ಅದೇ ಆಂಪ್ಲಿಫೈಯರಿಗೆ ಹೋಗಿ ದನಿಯಾಗುತ್ತದೆ. ನನ್ನದರಲ್ಲಿ ಪ್ರತಿ ಪಿಕಪ್ಪಿಗೂ ಒಂದೇ ಸುರುಳಿ. ಇಂಥವುಗಳ ದನಿ ತಿಳಿಯಾಗಿರುತ್ತದೆ, ಜೊತೆಗೆ ಸ್ವಲ್ಪ ಗುಂಯ್ ಅನ್ನುತ್ತದೆ. ಕುತ್ತಿಗೆಯ ಹತ್ತಿರದ್ದು ದುಂಡು ದನಿ, ನಡುವಿನದು ಹದ, ಕೆಳತುದಿಯ ಮೂರನೆಯದು ಚೂಪು. ಹಾಡಿನ ಶುರುವಿನಲ್ಲಿ ಜನರನ್ನು ಸುಮ್ಮನಾಗಿಸುವ ನಾಲ್ಕು ಸ್ವರಗಳನ್ನು ನಾನು ಮೂರನೆಯದರಲ್ಲೇ ನುಡಿಸುತ್ತಿದ್ದೆ.

ಅಕ್ಕನ ಫೋನು ಬಂದ ದಿನವೇ ಗಿಟಾರು ಹಚ್ಚಿದರೆ ಆ ಮೂರನೆಯದು ಸತ್ತಿತ್ತು. ಮಿಕ್ಕ ಎರಡು ನುಡಿದವು, ಆದರೆ ಅವುಗಳ ದನಿಯೂ ಕೌದಿಯೊಳಗಿಂದ ಬಂದಂತೆ ಇತ್ತು. ಟ್ರೆಬಲ್ ಗುಂಡಿಯನ್ನು, ಅಂದರೆ ದನಿಯ ಚೂಪು ಹೆಚ್ಚಿಸುವ ಗುಂಡಿಯನ್ನು, ಪೂರ್ತಿ ತಿರುವಿದೆ.

"ಸಣ್ಣ ಮಾಡ್ರಿ, ಕಿವಿ ಹರಿತಾವ!" ಎಂದು ಹೆಂಡತಿ ಒಳಗಿನಿಂದ ಕೂಗಿದಳು.

ಮೂವತ್ತು ವರ್ಷದಿಂದ ಅದೇ ಮಾತು ಅಂತ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಪಿಕಪ್ಪುಗಳಿಗೆ ವಯಸ್ಸಾಗಿದೆ, ಮೂರನ್ನೂ ಬದಲಿಸಬೇಕು ಎಂದು ತೀರ್ಮಾನಿಸಿ, ಮರುದಿನ ಭೀಮಾ ನದಿ ದಾಟುವ ಬಸ್ಸು ಹಿಡಿದು ಶಹಾಪುರಕ್ಕೆ ಹೋದೆ.

ಗೆಳೆಯನ ಅಂಗಡಿಯ ಮುಂದೆ ಬಿಚ್ಚಿದ ಪಂಪ್‌ಸೆಟ್ಟುಗಳ ಸಾಲು. ಒಳಗೆ ವಾರ್ನಿಷ್ ವಾಸನೆ. ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿನಿಂದ ನನ್ನನ್ನೂ ಗಿಟಾರಿನ ಚೀಲವನ್ನೂ ನೋಡಿ ಅವನು ನಕ್ಕ.

"ಏನಲೇ ದೋಸ್ತ, ಮತ್ತ ಮದುವಿ ಪ್ರೋಗ್ರಾಂ ಸುಪಾರಿ ಹಿಡಿದೇನು?"

ವಿಷಯ ಹೇಳಿದೆ. ತಂತಿ ಸಡಿಲಿಸಿ, ಮುಚ್ಚಳ ತೆಗೆದು, ಮೀಟರಿನ ಎರಡು ಮೊನೆಗಳನ್ನು ಒಂದೊಂದು ಪಿಕಪ್ಪಿಗೂ ತಾಗಿಸಿದ. ಎರಡು ಸರಿ ತೋರಿಸಿದವು. ಮೂರನೆಯದು ಏನೂ ತೋರಿಸಲಿಲ್ಲ.

"ಒಳಗ ಎಲ್ಲೋ ತಂತಿ ಹರಿದದ. ಇವೆರಡು ಬರೋಬ್ಬರಿ ಅವ. ಇದೊಂದು ನಾ ಸುತ್ತಿ ಕೊಡ್ತೀನಿ, ಬಿಡು."

"ಇದು ಪಂಪ್‌ಸೆಟ್ ಅಲ್ಲೋ ಮಾರಾಯ."

"ತಾಮ್ರ ತಾಮ್ರನ. ಸಣ್ಣದು, ಅಷ್ಟ."

ಅವನ ಮುಖ ಸ್ವಲ್ಪ ಸಪ್ಪಗಾಯಿತು. ನಾನು ಅದನ್ನು ಗಮನಿಸಿಯೂ ಮೂರೂ ಹೊಸವು ಬೇಕು, ಹಳೆಯವುಗಳ ದನಿ ಮಬ್ಬಾಗಿದೆ ಎಂದು ಹಟ ಹಿಡಿದೆ.

ಆ ವಾರವೆಲ್ಲ ನಾನು ಫೋನಿನಲ್ಲಿ ಪಿಕಪ್ಪುಗಳ ದನಿ ಕೇಳುತ್ತ ಕೂತೆ. ಯಾವ ದೇಶದವನೋ ಒಬ್ಬ ಒಂದೇ ತುಣುಕನ್ನು ಹತ್ತು ಬಗೆಯ ಪಿಕಪ್ಪಿನಲ್ಲಿ ನುಡಿಸಿ, ನೋಡಿ ಎಷ್ಟು ವ್ಯತ್ಯಾಸ ಎನ್ನುತ್ತಿದ್ದ. ನನಗೆ ಹತ್ತೂ ಒಂದೇ ಕೇಳುತ್ತಿದ್ದವು. ಫೋನಿನ ಸ್ಪೀಕರ್ ಸಣ್ಣದು, ಅದಕ್ಕೇ ಹೀಗೆ ಎಂದುಕೊಂಡೆ. ಓದಿ ತಿಳಿದದ್ದು ಇಷ್ಟು: ಸೆರಾಮಿಕ್ ಆಯಸ್ಕಾಂತದವು ಜೋರು ಮತ್ತು ಚೂಪು, ಅಲ್ನಿಕೋ ಎಂಬ ಮಿಶ್ರಲೋಹದ ಆಯಸ್ಕಾಂತದವು ಮೆತ್ತಗೆ, ಮಾತಿಗೆ ಹತ್ತಿರ. ನನ್ನ ಹಳೆಯವು ಅಲ್ನಿಕೋ. ಹಾಗಾಗಿ ಮೊದಲು ಅವನ್ನೇ ತರಿಸಿದೆ.

ಗೆಳೆಯ ಅವನ್ನು ಬೆಸುಗೆ ಹಾಕಿ ಕೂರಿಸಿದ. ನುಡಿಸಿದೆ. ಅದೇ ಕೌದಿ. ವಾಪಸ್ಸು ಬಂದು ಸೆರಾಮಿಕ್ ಪಿಕಪ್ಪುಗಳನ್ನು ತರಿಸಿದೆ. ಹತ್ತು ದಿನ ಬಿಟ್ಟು ಮತ್ತೆ ಶಹಾಪುರ. ಈ ಸಲವೂ ಅವನೇ ಹಾಕಿಕೊಟ್ಟ. ಅಂಗಡಿಯ ಮೂಲೆಯಲ್ಲಿ ನಮ್ಮ ಹಳೆಯ ಆಂಪ್ಲಿಫೈಯರು ಇನ್ನೂ ಇತ್ತು. ಅದಕ್ಕೇ ಹಚ್ಚಿ ನುಡಿಸಿದೆ. ಸ್ವಲ್ಪ ಜೋರಾಗಿತ್ತು ನಿಜ. ಆದರೆ ಆ ಮಿಂಚು, ಹಿಂದಿನ ಸಾಲಿನವರನ್ನೂ ತಲೆ ಎತ್ತಿಸುತ್ತಿದ್ದ ಆ ಅಂಚು, ಇರಲೇ ಇಲ್ಲ. ಟ್ರೆಬಲ್ ಏರಿಸಿದೆ. ಹೊರಗೆ ಮೋಟಾರಿಗಾಗಿ ಕಾದಿದ್ದ ರೈತರೊಬ್ಬರು ಎದ್ದು ರಸ್ತೆಯ ಆಚೆ ಹೋಗಿ ನಿಂತರು.

"ಬಂದ್ ಮಾಡಲೇ!" ಗೆಳೆಯ ಎರಡೂ ಕಿವಿ ಮುಚ್ಚಿಕೊಂಡಿದ್ದ. "ಸೂಜಿಲೆ ಚುಚ್ಚಿದಂಗ ಆಗಾಕತ್ತದ."

"ಎಲ್ಲಿ ಚುಚ್ತದೋ? ಮಬ್ಬು ಹೊಡ್ಯಾಕತ್ತದ. ನೀ ಬೆಸುಗಿ ಬರೋಬ್ಬರಿ ಹಾಕಿಲ್ಲ."

ಆ ಮಾತು ಆಡಬಾರದಿತ್ತು. ಅವನು ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಕೈ ಒರೆಸಿಕೊಂಡು, "ನಲವತ್ತು ವರ್ಷ ಆಯ್ತು ಬೆಸುಗಿ ಹಾಕಾಕತ್ತು" ಎಂದಷ್ಟೇ ಹೇಳಿ, ಬಿಚ್ಚಿದ ಮೋಟಾರೊಂದರ ಮುಂದೆ ಕುಳಿತ. ನಾನು ಹೊರಟಾಗ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಯಾದಗಿರಿ ಮುಟ್ಟುವವರೆಗೂ ನಾನು ಅವನನ್ನೇ ತಪ್ಪಿತಸ್ಥನನ್ನಾಗಿ ಮಾಡುತ್ತ ಬಂದೆ.

ಮುಂದಿನ ಭಾನುವಾರ ಅಭ್ಯಾಸಕ್ಕೆಂದು ಸುರಪುರದ ಅಕ್ಕನ ಮನೆಗೆ ಹೋದೆ. ಅವರು ಚುರುಮುರಿ ಕಲಸಿಟ್ಟಿದ್ದರು. ಗೋಡೆಯ ಮೇಲೆ ಅವರ ತಂದೆಯ ಫೋಟೋ, ಅದೇ ಟೋಪಿ. ಸಣ್ಣ ಆಂಪ್ಲಿಫೈಯರನ್ನು ನಾನೇ ಹೊತ್ತು ತಂದಿದ್ದೆ. ಶುರುವಿನ ತುಣುಕು ನುಡಿಸಿದೆ. ಅಕ್ಕ ಹಾಡಲಿಲ್ಲ. ಎದ್ದು ಬಂದು ಟ್ರೆಬಲ್ ಗುಂಡಿಯನ್ನು ಹಿಂದಕ್ಕೆ ತಿರುವಿದರು. ನಾನು ಮತ್ತೆ ಮುಂದಕ್ಕೆ ತಿರುವಿದೆ. ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತು, ಇನ್ವರ್ಟರಿನಿಂದ ಮತ್ತೆ ತಿರುಗಿತು.

"ಅಣ್ಣಾ, ನಿಮ್ಮ ಹಿಂದಿನ ಇನ್ವರ್ಟರ್ ಬಟನ್ ಜರಾ ಒತ್ತರಿ. ಬ್ಯಾಟರಿ ಮುಗ್ಯಾಕ ಬಂದಿರಬೇಕು, ಕುಂಯ್ ಕುಂಯ್ ಅನ್ನಾಕತ್ತದ."

ನಾನು ತಿರುಗಿ ನೋಡಿದೆ. ಪೆಟ್ಟಿಗೆ ನನ್ನ ಎಡ ಭುಜದಿಂದ ಒಂದು ಮೊಳ ದೂರದಲ್ಲಿತ್ತು. ಕೆಂಪು ದೀಪ ಮಿಣುಕುತ್ತಿತ್ತು.

"ಸಪ್ಪಳ ಎಲ್ಲದರಿ ಅಕ್ಕಾ? ನಿಂತದಲ್ಲ?"

ಅಕ್ಕ ನನ್ನ ಮುಖ ನೋಡಿದರು. ಮೂವತ್ತೈದು ವರ್ಷ ಮಕ್ಕಳಿಗೆ ಕಲಿಸಿದವರು. ತಪ್ಪು ಉತ್ತರ ಹೇಳಿದ ಮಗುವಿಗೆ ನೋವಾಗದಂತೆ ನೋಡುವುದು ಅವರಿಗೆ ಗೊತ್ತಿತ್ತು.

"ಇಲ್ಲರಿ ಅಣ್ಣಾ," ಎಂದರು ಮೆಲ್ಲಗೆ. "ಇನ್ನೂ ಹೊಡ್ಯಾಕತ್ತದ."

ನಾನು ಬಗ್ಗಿ ಎಡಗಿವಿಯನ್ನು ಪೆಟ್ಟಿಗೆಗೆ ಹಚ್ಚಿದೆ. ಏನೂ ಇಲ್ಲ. ಬಲಗಿವಿ ಹಚ್ಚಿದಾಗ ದೂರದಲ್ಲಿ ಜೀರುಂಡೆಯೊಂದು ಇದ್ದಂತೆ, ಇಲ್ಲದಂತೆ ಕೇಳಿತು. ಗಿಟಾರನ್ನು ಮಂಚದ ಮೇಲೆ ಇಟ್ಟೆ. ಅಕ್ಕ ಬಂದು ಬಟನ್ ಒತ್ತಿದರು. ಒತ್ತಿದ ಮೇಲೆ ಏನು ಬದಲಾಯಿತೋ ನನಗೆ ತಿಳಿಯಲಿಲ್ಲ.

ಆಗ ನೆನಪಾದದ್ದು ಆರ್ಕೆಸ್ಟ್ರಾದ ದಿನಗಳಲ್ಲಿ ನಾನು ನಿಲ್ಲುತ್ತಿದ್ದ ಜಾಗ. ನನ್ನ ಎಡಕ್ಕೇ ಡ್ರಮ್ ಸೆಟ್ಟು. ಅದರ ಕಂಚಿನ ದೊಡ್ಡ ತಟ್ಟೆ ನನ್ನ ಕಿವಿಯ ಸಮಕ್ಕೆ ನಿಂತಿರುತ್ತಿತ್ತು. ಪ್ರತಿ ಏರಿನಲ್ಲೂ ಅದರ ಮೇಲೆ ಕೋಲು ಬಿದ್ದಾಗ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಬೇರೆಯವರು ಅಲ್ಲಿ ನಿಲ್ಲಲು ಒಪ್ಪುತ್ತಿರಲಿಲ್ಲ. ನಾನು ಆ ಜಾಗವನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೂ ಕಿವಿಯಲ್ಲಿ ಸುಂಯ್ ಎಂದು ಉಳಿಯುತ್ತಿದ್ದ ಆ ಸದ್ದನ್ನು ಆಗ ನಾನು ಖುಷಿಯ ಭಾಗ ಎಂದೇ ತಿಳಿದಿದ್ದೆ. ಈಗಲೂ ಆ ಜಾಗದ ಮೇಲೆ ಸಿಟ್ಟು ಬರುವುದಿಲ್ಲ. ಅಲ್ಲಿ ನಿಂತಾಗ ನನಗೆ ಇಪ್ಪತ್ತಾರು ವರ್ಷ, ಎದುರಿಗೆ ಕುರ್ಚಿಗಳ ಮೇಲೆ ಹತ್ತಿ ನಿಂತ ಜನ.

ಕಲಬುರಗಿಯ ಕಿವಿ ಡಾಕ್ಟರ ಬಳಿ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಎಂದರು. ದಪ್ಪ ಸದ್ದುಗಳಿಗೆ ಪಟಪಟ ಒತ್ತಿದೆ. ಆಮೇಲೆ ಸದ್ದುಗಳು ನಿಂತುಹೋದವು. ಗಾಜಿನ ಆಚೆ ಡಾಕ್ಟರರ ಕೈ ಮಾತ್ರ ಯಂತ್ರದ ಮೇಲೆ ಇನ್ನೂ ಆಡುತ್ತಲೇ ಇತ್ತು. ನಾನು ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ಆ ಕೈಯನ್ನೇ ನೋಡುತ್ತ ಕಾದೆ. ಹೊರಗೆ ಬಂದ ಮೇಲೆ ಅವರು ತೋರಿಸಿದ ಕಾಗದದಲ್ಲಿ ಗೆರೆಯೊಂದು ಸಮನಾಗಿ ಹೋಗಿ, ಬಲತುದಿಯಲ್ಲಿ ಹೊಂಡಕ್ಕೆ ಇಳಿದಂತೆ ಇಳಿದಿತ್ತು. ಕಿವಿಗೆ ಯಂತ್ರ ಹಾಕಿಕೊಂಡರೆ ಮಾತು ಸ್ಪಷ್ಟ ಕೇಳುತ್ತದೆ, ತಯಾರಾಗಲು ಸ್ವಲ್ಪ ದಿನ ಬೇಕು ಎಂದರು. ನಾನು ಟಿವಿ ಜೋರಾಗಿ ಇಡುತ್ತೇನೆಂದು ದಿನಾ ಜಗಳಾಡುತ್ತಿದ್ದ ಹೆಂಡತಿ, ಬರುವಾಗ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನಾಟಿತು.

ಮರುದಿನ ಶಹಾಪುರಕ್ಕೆ ಹೋಗಿ ಗೆಳೆಯನ ಮುಂದೆ ಆ ಕಾಗದ ಇಟ್ಟೆ.

"ನಿನ್ನ ಬೆಸುಗಿ ಬರೋಬ್ಬರಿ ಇತ್ತೋ. ನನ್ನ ಕಿವಿ ಹೋಗ್ಯಾವ."

ಅವನು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. ಅವನಿಗೆ ಗೆರೆಗಳು ಗೊತ್ತು. ಮೋಟಾರಿನವೂ ಹೀಗೇ ಇಳಿಯುತ್ತವೆ. ಮೇಜಿನ ಖಾನೆ ಎಳೆದು ಒಂದು ಪೊಟ್ಟಣ ತೆಗೆದ. ನನ್ನ ಸತ್ತ ಪಿಕಪ್ಪು. ಹೊಸ ತಾಮ್ರ ಸುತ್ತಿ, ಮೇಣ ಹಾಕಿ ಗಟ್ಟಿ ಮಾಡಿಟ್ಟಿದ್ದ.

"ನೀ ಸಿಟ್ಟು ಮಾಡ್ಕೊಂಡು ಹೋದ ಮ್ಯಾಲ ಹೈದರಾಬಾದಿಂದ ಆ ಸಣ್ಣ ತಂತಿ ತರಿಸ್ದೆ. ಎಂಟು ಸಾವಿರ ಸುತ್ತು. ಎರಡು ಸಲ ನಡುವ ಹರೀತು, ಮತ್ತ ಮೊದಲಿಂದ. ಉಸರು ಬಿಟ್ರ ಹರಿತದಲೇ ಅದು, ಮೂಗು ಮುಚ್ಕೊಂಡು ಸುತ್ತೀನಿ."

ನಾನು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ. ಅವನೇ, "ಚಹಾ ಕುಡೀತಿ ಇಲ್ಲ?" ಎಂದ.

ಯಾವುದನ್ನು ಇಟ್ಟುಕೊಳ್ಳುವುದು ಎಂದು ತೀರ್ಮಾನಿಸುವ ದಿನ ಅಕ್ಕನನ್ನೂ ಕರೆಸಿದೆವು. ಮೂರನೇ ಜಾಗಕ್ಕೆ ಒಂದಾದ ಮೇಲೊಂದರಂತೆ ಸೆರಾಮಿಕ್, ಹೊಸ ಅಲ್ನಿಕೋ, ಗೆಳೆಯ ಸುತ್ತಿದ್ದು, ಹೀಗೆ ಹಾಕುವುದು. ಕುತ್ತಿಗೆಯ ಹತ್ತಿರದ್ದೂ ನಡುವಿನದೂ ಹಳೆಯವೇ ಇರಲಿ. ನಾನು ನುಡಿಸುತ್ತೇನೆ, ಅವರಿಬ್ಬರು ಹೇಳಬೇಕು. ಹೊರಗಿನವರ ಮುಂದೆಯೂ ಇಷ್ಟು ಮುದುಡಿಕೊಂಡು ನಾನು ಎಂದೂ ನುಡಿಸಿರಲಿಲ್ಲ. ನನ್ನ ದನಿ ಹೇಗಿದೆ ಎಂದು ಇನ್ನೊಬ್ಬರ ಮುಖ ನೋಡಿ ತಿಳಿಯಬೇಕಿತ್ತು.

ಸೆರಾಮಿಕ್ ಹಾಕಿದಾಗ ಅಕ್ಕನ ಹುಬ್ಬು ಗಂಟಾಯಿತು. "ಇದು ಬ್ಯಾಡ್ರಿ. ಹಾಡೋರ ಬಾಯಿಗಿ ಅಡ್ಡ ಬರ್ತದ."

ಹೊಸ ಅಲ್ನಿಕೋದ್ದು ಅವರಿಗೆ ಹಿಡಿಸಿತು. ತಲೆಯಾಡಿಸಿದರು. ಆದರೆ ನಾನು ಹಾಡಿನ ನಡುವೆ ಮೊದಲನೆಯದರಿಂದ ಮೂರನೆಯದಕ್ಕೆ ಸ್ವಿಚ್ಚು ಬದಲಿಸಿದ ಕೂಡಲೇ ಕೈ ಎತ್ತಿ ನಿಲ್ಲಿಸಿದರು.

"ಚೊಲೊ ಅದ ಅಣ್ಣಾ. ಆದ್ರ ಅರ್ಧ ಹಾಡಿನ್ಯಾಗ ನೀವು ಎದ್ದು ಹೋಗಿ, ಬ್ಯಾರೆಯವರು ಬಂದು ಕುಂತಂಗ ಆಗ್ತದ."

ಕೊನೆಗೆ ಗೆಳೆಯ ಸುತ್ತಿದ್ದು. ಅದೊಂದನ್ನೇ ನುಡಿಸಿದಾಗ ಇಬ್ಬರೂ ಸುಮ್ಮನೆ ಕೇಳಿದರು. ಆಮೇಲೆ ನಡುವಿನದನ್ನೂ ಅದನ್ನೂ ಕೂಡಿಸಿ ಸ್ವಿಚ್ಚು ಇಟ್ಟೆ. ಆಗ ದನಿ ಒಮ್ಮೆಲೇ ಸೊರಗಿತು. ಅದು ನನಗೇ ಮೊದಲು ತಿಳಿಯಿತು. ದಪ್ಪ ಸ್ವರಗಳಿಗೆ ನನ್ನ ಕಿವಿ ಇನ್ನೂ ಗಟ್ಟಿ ಇತ್ತಲ್ಲ.

"ಹೊಟ್ಟಿನೇ ಇಲ್ಲೋ ಇದಕ್ಕ," ಎಂದೆ. "ಎರಡೂ ಒಂದಕ್ಕೊಂದು ಜಗಳಾಡಾಕತ್ತಾವ."

ಗೆಳೆಯ ಹಣೆ ಬಡಿದುಕೊಂಡ. "ತಂತಿ ಉಲ್ಟಾ ಜೋಡಿಸೀನಿ! ಒಂದು ಎಳದ್ರ ಇನ್ನೊಂದು ದೂಡ್ತದ." ಎರಡು ತುದಿಗಳನ್ನು ಅದಲು ಬದಲು ಮಾಡಿ ಬೆಸೆದ. ಮತ್ತೆ ನುಡಿಸಿದಾಗ ಹೊಟ್ಟೆ ತುಂಬಿಕೊಂಡಿತ್ತು. ಅಷ್ಟು ಹೊತ್ತಿನಲ್ಲಿ ನಾನು ಮೊದಲ ಸಲ ನಕ್ಕೆ.

"ಇದ ಇರಲಿ," ಎಂದರು ಅಕ್ಕ. ಗೆಳೆಯ ಏನೂ ಆಗದವನಂತೆ ಹೊರಗೆ ಹೋಗಿ, ರೈತರೊಬ್ಬರಿಗೆ ಅವರು ಕೇಳದಿದ್ದರೂ ಮೋಟಾರಿನ ಬಗ್ಗೆ ಬಹಳ ಹೊತ್ತು ವಿವರಿಸುತ್ತ ನಿಂತ.

ಸಮಾರಂಭ ಶಾಲೆಯ ಅಂಗಳದಲ್ಲಿ, ಬೇವಿನ ನೆರಳಿನಲ್ಲಿ ನಡೆಯಿತು. ಭಾಷಣಗಳು ಮುಗಿದು, ಶಾಲು ಹಾರಗಳೆಲ್ಲ ಬಿದ್ದ ಮೇಲೆ ಅಕ್ಕ ಮೈಕಿನ ಹತ್ತಿರ ಬಂದು, ನನ್ನ ಕಡೆ ಬಾಗಿ, "ಮೊದಲಿನ ಶ್ರುತಿ ಆಗಂಗಿಲ್ಲರಿ, ಎರಡು ಮನಿ ಕೆಳಗ ಹಿಡೀರಿ" ಎಂದರು. ಗೆಳೆಯ ಆಂಪ್ಲಿಫೈಯರಿನ ಪಕ್ಕ, ಹಿಂದೆ ಅಕ್ಕನ ತಂದೆ ಕೂರುತ್ತಿದ್ದ ಕಡೆಯೇ ನಿಂತಿದ್ದ. ನಾನು ಗುಂಡಿಗಳನ್ನು ಮುಟ್ಟಲಿಲ್ಲ.

ಶುರುವಿನ ನಾಲ್ಕು ಸ್ವರಗಳಲ್ಲಿ ಕೊನೆಯದು ಬಹಳ ಮೇಲಿನದು. ಅದರ ಮಿಂಚು ನನಗೆ ಬರಲಿಲ್ಲ. ಬೆರಳಿನ ತುದಿಗೆ ತಂತಿಯ ನಡುಕ ಮಾತ್ರ ಬಂತು. ಆದರೆ ಅಂಗಳದಲ್ಲಿ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಅಕ್ಕ ಕಣ್ಣು ಮುಚ್ಚಿ ಹಾಡು ಎತ್ತಿಕೊಂಡರು. ದನಿ ದಪ್ಪವಾಗಿತ್ತು, ಅಲ್ಲಲ್ಲಿ ಉಸಿರು ಕಡಿಮೆ ಬೀಳುತ್ತಿತ್ತು, ಅಲ್ಲೆಲ್ಲ ನಾನು ಒಂದೆರಡು ಸ್ವರ ಹೆಚ್ಚು ನುಡಿಸಿ ತುಂಬಿದೆ. ಹಾಗೆ ತುಂಬುವುದನ್ನು ಹಿಂದೆಯೂ ಮಾಡುತ್ತಿದ್ದೆ. ಯಾವ ಸಾಲಿನಲ್ಲಿ ಅವರು ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ಕೈಗೆ ಇನ್ನೂ ನೆನಪಿತ್ತು. ಎರಡು ಅಂದವರು ನಾಲ್ಕು ಹಾಡು ಹಾಡಿದರು. ಮುಗಿದ ಮೇಲೆ ಊಟದ ಸಾಲಿನಲ್ಲಿ ಅವರ ಹಳೆಯ ಸಹೋದ್ಯೋಗಿಯೊಬ್ಬರು ಬಂದು, ತಮ್ಮ ಮದುವೆಯಲ್ಲಿ ನುಡಿಸಿದ್ದು ನಾವೇ ಅಲ್ಲವೇ ಎಂದು ಕೇಳಿದರು. ಹೌದೋ ಅಲ್ಲವೋ ನಮಗೆ ಮೂವರಿಗೂ ನೆನಪಿರಲಿಲ್ಲ. ಹೌದ್ರಿ ಅಂದೆವು.

ಕಿವಿಯ ಯಂತ್ರ ಬಂದದ್ದು ಅದಾಗಿ ಎರಡು ವಾರಕ್ಕೆ. ಅದನ್ನು ಹಾಕಿಕೊಂಡರೆ ಗಿಟಾರು ತಗಡು ಬಡಿದಂತೆ ಕೇಳುತ್ತದೆ, ಹಾಗಾಗಿ ನುಡಿಸುವಾಗ ತೆಗೆದಿಡುತ್ತೇನೆ. ಮೊದಲ ದಿನ ಅದನ್ನು ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಒಂದೊಂದು ಬಡಿತಕ್ಕೂ ಅವಳ ಗಾಜಿನ ಬಳೆಗಳು ಕಿಣಿಕಿಣಿ ಅನ್ನುತ್ತಿದ್ದವು. ಆ ಸದ್ದು ಯಾವ ವರ್ಷ ನಿಂತಿತ್ತೋ ನನಗೆ ಗೊತ್ತೇ ಆಗಿರಲಿಲ್ಲ.

"ಹಂಗ್ಯಾಕ ನಿಂತ್ರಿ?" ಎಂದಳು ತಿರುಗಿ ನೋಡದೆ. "ಬಿಸಿ ಅವ, ತಾಟು ತಗೊಂಡು ಬರ್ರಿ."